ಎಳ್ಳಮಾಸಿ ದಿನ ಹೊಲದಾಗ ಕುಂತು ಮಾಡಿದ ಟಿವಿ ಪಟ್ಟಿ

ಎಳ್ಳಮಾಸಿ ಅಂದ್ರ ನಮ್ಮ ಕಡೆ ಯಾರೂ ಮನ್ಯಾಗ ಇರಂಗಿಲ್ಲ, ಬುತ್ತಿ ಕಟ್ಕೊಂಡು ಎಲ್ಲಾರೂ ಹೊಲಕ್ಕ ಹೋಗೋದ. ಈ ಸಲ ಕೊಪ್ಪಳದಿಂದ ನಾವು, ಸಿಂಧನೂರ ಕಡೆಯಿಂದ ಅಕ್ಕ ಮತ್ತ ಮಾವಾರು, ಬೆಂಗಳೂರಿಂದ ತಂಗಿ ಮತ್ತ ಅಕಿ ಮಗಳು, ಎಲ್ಲಾರೂ ಯಲಬುರ್ಗಾ ತಾಲೂಕಿನ ನಮ್ಮೂರಿಗೆ ಸೇರಿದ್ವಿ. ಎರಿ ಹೊಲ, ಬಿಳಿಜೋಳ ಎದಿಮಟ್ಟ ನಿಂತಿತ್ತು, ಕಡ್ಲಿ ಕಾಯಿ ಕಟ್ಟಿತ್ತು. ಭೂಮಿತಾಯಿಗೆ ಎಡಿ ಬೀರಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಎಣ್ಣಿಗಾಯಿ, ಪುಂಡಿಪಲ್ಲೆ, ಶೇಂಗಾ ಹೋಳಿಗಿ ಎಲ್ಲಾ ಹೊಟ್ಟಿ ತುಂಬ ಉಂಡು ಬೇವಿನ ಗಿಡದ ನೆಳ್ಳಾಗ ಕುಂತ್ವಿ. ಅಲ್ಲಿ ಫೋನಿಗೆ ನೆಟ್‌ವರ್ಕ್ ಸಿಗಂಗಿಲ್ಲ, ಅದಕ್ಕ ತಂಗಿ ಮಗಳು ಹಸಿ ಕಡ್ಲಿ ಸುಲಕೋತ ನನ್ನ ಕೇಳಿದ್ಲು, "ಮಾಮಾ, ನೀ ಇಲ್ಲೀತನ ನೋಡಿದ್ದ ಟಿವಿ ಪ್ರೋಗ್ರಾಮ್‌ನ್ಯಾಗ ಟಾಪ್ ಫೈವ್ ಹೇಳು ನೋಡೂಣು."

ನಾ ಒಂದ ನಿಮಿಷಾನೂ ವಿಚಾರ ಮಾಡ್ಲಿಲ್ಲ, ಒಂದನೇದು ಮಾಲ್ಗುಡಿ ಡೇಸ್ ಅಂದ್ನಿ. ಅಲ್ಲಿಂದ ಶುರುವಾದ ವಾದ ಹೊತ್ತು ಇಳಿಯೂತನ ನಡೀತು.

ಮಾಲ್ಗುಡಿ ಯಾಕ ಅಂತ ಅಕಿ ಕೇಳಿದ್ಲು. ಅದು ಬಂದಿದ್ದು 1986ರಾಗ, ದೂರದರ್ಶನದಾಗ, ಅದೂ ಹಿಂದಿ ಒಳಗ. ಊರಾಗ ಟಿವಿ ಇದ್ದದ್ದು ಗೌಡ್ರ ಮನ್ಯಾಗ ಅಷ್ಟ, ನಾವು ಸಣ್ಣ ಹುಡುಗುರು ಪಡಸಾಲ್ಯಾಗ ಒಬ್ಬರ ತೊಡಿ ಮ್ಯಾಲೆ ಒಬ್ಬರು ಕುಂತು ನೋಡ್ತಿದ್ವಿ. ಎಲ್. ವೈದ್ಯನಾಥನ್ ಅವರ ಆ ಟೈಟಲ್ ಮ್ಯೂಸಿಕ್ ಶುರುವಾಗಿ, ಆರ್.ಕೆ. ಲಕ್ಷ್ಮಣ್ ಬರೆದ ಚಿತ್ರ ಒಂದೊಂದ ಬರಾಕತ್ವು ಅಂದ್ರ ಪಡಸಾಲಿ ಗಪ್ಪ ಆಗಿಬಿಡ್ತಿತ್ತು. ನಮಗ ಹಿಂದಿ ಎಲ್ಲಿ ಬರ್ತಿತ್ತು, ಆದ್ರೂ ಸ್ವಾಮಿ ಅಪ್ಪನ ಮುಂದ ನಿಂತು ಕೈ ಹೊಸಕೋದು ಪೂರಾ ತಿಳೀತಿತ್ತು. ಆ ಅಪ್ಪ ಗಿರೀಶ ಕಾರ್ನಾಡ್ ಅಂತ ಆಮ್ಯಾಲೆ ಗೊತ್ತಾತು, ಸ್ವಾಮಿ ಆಗಿದ್ದ ಹುಡುಗ ಮಾಸ್ಟರ್ ಮಂಜುನಾಥ. ಅವಂದು ಆಕ್ಟಿಂಗ್ ಅಂತ ನಮಗ ಅನ್ನಿಸಲೇ ಇಲ್ಲ, ಲೆಕ್ಕ ಬರದ, ಮೇಷ್ಟ್ರಿಗೆ ಅಂಜೋ, ಅಜ್ಜಿ ಹತ್ರ ಮಾತ್ರ ದೊಡ್ಡ ಮನಷ್ಯಾನಂಗ ಮಾತಾಡೋ ಹುಡುಗ ನಮ್ಮ ಬೆಂಚಿನ್ಯಾಗ ಕುಂತಾವನ ಇದ್ದ.

ನೋಡ್ರಿ, ಮಾಲ್ಗುಡಿ ಶೂಟಿಂಗ್ ಆದ ಆಗುಂಬಿ ಮಳಿಗೂ ನಮ್ಮ ಬಿಸಿಲಿಗೂ ಏನೂ ಸಂಬಂಧ ಇಲ್ಲ. ಆ ಹೆಂಚಿನ ಮನಿ, ಕಟ್ಟಿ, ಹಸರು ಎಲ್ಲಾ ನಮಗ ಬ್ಯಾರೆ ದೇಶ. ಆದ್ರೂ ನಮ್ಮದಾತು. ಶಂಕರನಾಗ್ ಆಗ ಮೂವತ್ತರ ಆಸುಪಾಸು ಇದ್ದ ಹುಡುಗ, ಅಂಥ ವಯಸ್ಸಿನ್ಯಾಗ ಆರ್.ಕೆ. ನಾರಾಯಣ್ ಅವರ ಕತಿ ತಗೊಂಡು, ಒಂದು ಊರಿಗೆ ಊರನ್ನ ಸೆಟ್ ಮಾಡಿ, ಇಡೀ ದೇಶ ಕುಂತು ನೋಡೋಹಂಗ ಮಾಡಿದ. ನಾಲ್ಕ ವರ್ಷ ಆಗೂದ್ರಾಗ, 1990ರ ಸೆಪ್ಟೆಂಬರ್ 30ಕ್ಕ, ದಾವಣಗೆರಿ ಹತ್ರ ಆನಗೋಡಿನ್ಯಾಗ ಆಕ್ಸಿಡೆಂಟ್ ಆಗಿ ಹೋಗಿಬಿಟ್ಟ. ಈಗೂ ಆ ರೋಡಿನ್ಯಾಗ ಬಸ್ಸಿನ್ಯಾಗ ಹೊಂಟ್ರ ನನಗ ಕಿಡಕಿ ಹೊರಗ ನೋಡಾಕ ಆಗಂಗಿಲ್ಲ. ಅಂವ ಇನ್ನೂ ಇಪ್ಪತ್ತ ವರ್ಷ ಇದ್ದಿದ್ರ ಕನ್ನಡ ಟಿವಿ ಹಿಂಗ ಇರ್ತಿರಲಿಲ್ಲ ಅಂತ ನಾ ಖರೇನ ನಂಬೀನಿ.

ನಾ ಇಷ್ಟು ಹೇಳಿ ಮುಗಿಸೂದ್ರಾಗ ಗಿಡದ ಆ ಕಡೆ ಮಲಗಿದ್ದ ದೊಡ್ಡಪ್ಪ ಎದ್ದು ಕುಂತ. "ಲೇ ತಮ್ಮಾ, ನೀ ಹುಟ್ಟೂಕಿಂತ ಮೊದ್ಲ ನಾ ಟಿವಿ ನೋಡೀನಿ, ಬೆಂಗಳೂರನ್ನಾವ್ರು ನೋಡೂಕಿಂತ ಮೊದ್ಲ ನೋಡೀನಿ" ಅಂದ. ತಂಗಿ ಮಗಳು ನಕ್ಕು, ಅದೆಂಗ ಸಾಧ್ಯ ಅಜ್ಜಾ ಅಂದ್ಲು. ಆದ್ರ ದೊಡ್ಡಪ್ಪ ಹೇಳಿದ್ದು ಅಕ್ಷರಶಃ ಖರೆ, ಇದು ನಮ್ಮ ಭಾಗದಾವ್ರಿಗೇ ಎಷ್ಟೋ ಮಂದಿಗೆ ಗೊತ್ತಿಲ್ಲ ಅದಕ್ಕ ಇಲ್ಲಿ ಸ್ವಲ್ಪ ವಿವರವಾಗಿ ಬರೀತೀನಿ.

1975ರ ಆಗಸ್ಟ್ 1ರಿಂದ 1976ರ ಜುಲೈ 31ರತನ ಸೈಟ್ (SITE) ಅಂತ, ಉಪಗ್ರಹದಿಂದ ಹಳ್ಳಿಗೆ ಟಿವಿ ಮುಟ್ಟಿಸೋ ಒಂದು ಪ್ರಯೋಗ ನಡೀತು. ಅಮೆರಿಕದ ನಾಸಾದವ್ರು ತಮ್ಮ ಎಟಿಎಸ್-6 ಅನ್ನೋ ಉಪಗ್ರಹಾನ ಒಂದು ವರ್ಷ ಭಾರತದ ಕೆಲಸಕ್ಕ ಕೊಟ್ರು, ನಮ್ಮ ಇಸ್ರೋದವ್ರು ಅದರಿಂದ ಆರು ರಾಜ್ಯದ ಸುಮಾರು 2400 ಹಳ್ಳಿಗೆ ನೇರ ಟಿವಿ ಕಾರ್ಯಕ್ರಮ ಮುಟ್ಟಿಸಿದ್ರು. ಹಿಂದುಳಿದ ಜಿಲ್ಲಾನ ಆರಿಸಿ ತಗೊಂಡಿದ್ರು, ಕರ್ನಾಟಕದಾಗ ಅವು ಬಿಜಾಪುರ, ಗುಲ್ಬರ್ಗಾ, ರಾಯಚೂರು. ಕೊಪ್ಪಳ ಆಗ ರಾಯಚೂರು ಜಿಲ್ಲಾದಾಗ ಇತ್ತು, ಬ್ಯಾರೆ ಆಗಿದ್ದು 1997ಕ್ಕ. ಬೆಂಗಳೂರಿಗೆ ದೂರದರ್ಶನ ಬಂದಿದ್ದು 1981ರಾಗ. ಅಂದ್ರ ರಾಜಧಾನಿಗೂ ಮೊದ್ಲ ನಮ್ಮ ಎರಿ ಸೀಮಿ ಹಳ್ಳಿ ಮಂದಿ ಟಿವಿ ಮುಂದ ಕುಂತಿದ್ರು.

ದೊಡ್ಡಪ್ಪ ಆಗ ಕನ್ನಡ ಸಾಲಿ ಹುಡುಗ. ಪಕ್ಕದ ಊರಿನ ಸಾಲಿಗೆ ಟಿವಿ ಬಂದಿತ್ತಂತ. ಹೊರಗ ಹತ್ತು ಫೂಟಿನ ದೊಡ್ಡ ಛತ್ರಿ, ಕೋಳಿ ಗೂಡಿಗೆ ಹಾಕ್ತಾರಲ್ಲ ಅದೇ ತಂತಿ ಜಾಳಗಿಯಿಂದ ಮಾಡಿದ್ದು, ಬಾಯಿ ಮುಗಲಿಗೆ ಮಾಡಿ ನಿಲ್ಲಿಸಿದ್ರಂತ. ಮುಂಜಾನೆ ಸಾಲಿ ಹುಡುಗುರಿಗೆ, ಸಂಜಿಕ ದೊಡ್ಡಾವ್ರಿಗೆ. ಬೀಜೋಪಚಾರ, ದನಕರಾ, ಬಾಣಂತನ, ಕೂಸಿನ ಆರೋಗ್ಯ, ನಡು ನಡು ಹಾಡು ಆಟ. ಒಂದ ಚಿತ್ರಕ್ಕ ಎರಡು ಭಾಷಾದಾಗ ದನಿ ಕಳಸೋ ವ್ಯವಸ್ಥಾನೂ ಆ ಉಪಗ್ರಹದಾಗ ಇತ್ತು. ದೀಪ ಹಚ್ಚೂ ಹೊತ್ತಿಗೆ ಹೆಣ್ಮಕ್ಕಳು ಕೂಸು ಬಗಲಾಗ ಇಟ್ಕೊಂಡು ಬರೋರಂತ, ಗಂಡಸ್ರು ಒಂದ ಕಡೆ, ಹೆಣ್ಮಕ್ಕಳು ಒಂದ ಕಡೆ, ಹುಡುಗುರು ಎಲ್ಲಾರಕಿಂತ ಮುಂದ.

"ಮುಂದೇನಾತು ಅಜ್ಜಾ?" ಅಂದ್ಲು ಹುಡುಗಿ.

"ಏನಾತು, ವರ್ಷ ತುಂಬ್ತು, ಉಪಗ್ರಹ ವಾಪಸ್ ತಗೊಂಡ ಹೋದ್ರು. ಆದ್ರ ಅವ್ರು ಬಂದು ಕೇಳ್ತಿದ್ರವಾ. ನಿಮಗೇನು ತಿಳೀತು, ಏನು ತಿಳೀಲಿಲ್ಲ, ಏನು ಬೇಕು ಅಂತ ಮನಿಮನಿಗೆ ಬಂದು ಕೇಳಿ ಬರ್ಕೊಂಡು ಹೋಗ್ತಿದ್ರು. ಈಗ ಯಾರ ಕೇಳ್ತಾರ ನಮ್ಮನ್ನ?"

ನನಗ ಈ ಮಾತು ಭಾಳ ನಾಟ್ತು. ಅವತ್ತಿನಿಂದ ನನ್ನ ಪಟ್ಟಿಗೆ ಒಂದು ಅಳತಿ ಸಿಕ್ಕಂಗಾತು. ನೋಡೋ ಮಂದಿಗೆ ಬುದ್ಧಿ ಐತಿ, ಮನಸ್ಸೈತಿ ಅಂತ ತಿಳ್ಕೊಂಡು ಮಾಡಿದ್ದು ಮ್ಯಾಲೆ, ನೋಡೋರು ದಡ್ಡರು ಅಂತ ತಿಳ್ಕೊಂಡು ಮಾಡಿದ್ದು ಕೆಳಗ. ಒಂದ ಡೈಲಾಗಿಗೆ ಮನಿಯಾಗಿನ ಹತ್ತು ಮಂದಿ ಮುಖಾನ ಮೂರ್ ಮೂರ್ ಸಲ ತೋರಿಸಿ ಗುಡುಗು ಸಿಡ್ಲು ಹೊಡಿಸೋ ಸೀರಿಯಲ್ಲು ಎಷ್ಟು ವರ್ಷ ಓಡಿದ್ರೂ ನನ್ನ ಪಟ್ಟ್ಯಾಗ ಬರಂಗಿಲ್ಲ.

ಅದೇ ಅಳತಿಗೆ ಎರಡನೇ ಜಾಗ ಟಿ.ಎನ್. ಸೀತಾರಾಮ್ ಅವರ ಕೆಲಸಕ್ಕ. 1998ರಾಗ ಮಾಯಾಮೃಗ ಬಂದಾಗ ನಾ ಕಾಲೇಜು. ಪಿ. ಶೇಷಾದ್ರಿ, ನಾಗೇಂದ್ರ ಶಾ ಅವರೂ ಅದರ ನಿರ್ದೇಶನದಾಗ ಇದ್ರು. ಆಮ್ಯಾಲೆ ಈಟಿವಿ ಕನ್ನಡದಾಗ ಮನ್ವಂತರ, ಮುಕ್ತ ಬಂದ್ವು. ನನ್ನ ಓಟು ಮುಕ್ತಕ್ಕ. ಸಿಎಸ್‌ಪಿ ಅನ್ನೋ ಲಾಯರ್ ಆಗಿ ಸೀತಾರಾಮ್ ಅವರ ಬರ್ತಿದ್ರು, ಅವರು ಲಾ ಓದಿದಾವ್ರು ಇದ್ದದ್ದಕ್ಕ ಆ ಕೋರ್ಟ್ ಸೀನ್ ಗಟ್ಟಿ ಇರ್ತಿದ್ವು, ಒಂದ ಪ್ರಶ್ನಿ ಕೇಳಿ ಸುಮ್ನ ನಿಂತುಬಿಡೋರು, ಎದುರಿನ ಮನಷ್ಯಾ ಏನ ಹೇಳ್ತಾನ ಅಂತ ನಾವೂ ಉಸುರು ಬಿಗಿ ಹಿಡಕೊಂಡು ಕಾಯೋದು. ನಮ್ಮ ಕಾಕಾ ಹೊಲದ ವ್ಯಾಜ್ಯಕ್ಕ ಕೋರ್ಟಿಗೆ ಅಡ್ಡಾಡಿ ಅಡ್ಡಾಡಿ ಸೋತಾವ, ಸಂಜಿಕ ಮುಕ್ತ ಹಚ್ಚಿದ್ರ ಅಂವ ರೊಟ್ಟಿ ಮುರಿಯೋದು ಬಿಟ್ಟು ಕೇಳ್ತಿದ್ದ. ನ್ಯಾಯದ ಮಾತು ಒಂದೀಟು ನಿಧಾನಕ್ಕ, ನೆಟ್ಟಗ ಆಡಿದ್ದು ಕೇಳಿಸಿಕೊಳ್ಳೋದ ಅವಂಗ ಸಮಾಧಾನ ಕೊಡ್ತಿತ್ತು ಅಂತ ನನಗೀಗ ಅನ್ನಸ್ತೈತಿ. 2018ರ ಮಗಳು ಜಾನಕಿ ಒಳಗ ಸಿಎಸ್‌ಪಿ ಮತ್ತ ಬಂದಾಗ ಕಾಕಾ ಇರಲಿಲ್ಲ.

ಮೂರನೇದಕ್ಕ ಅವ್ವ ನನಗ ಮಾತಾಡಾಕ ಬಿಡಲಿಲ್ಲ, "ಥಟ್ ಅಂತ ಹೇಳಿ" ಅಂತ ತಾನ ಹೇಳಿಬಿಟ್ಲು. ನಂದೂ ಅದ. 2002ರಿಂದ ಚಂದನದಾಗ ಬರಾಕತ್ತೈತಿ, 3000ಕ್ಕೂ ಹೆಚ್ಚು ಕಂತು ದಾಟೈತಿ. ನಾ. ಸೋಮೇಶ್ವರ ಅವರು ವೃತ್ತಿಯಿಂದ ಡಾಕ್ಟರು, ಆದ್ರ ಕುಂತು ಕೇಳೋ ರೀತಿ ಊರಿನ ಹಿರ್ಯಾರಂಗ. ಉತ್ರ ತಪ್ಪಿದ್ರ ಯಾರನ್ನೂ ನಗೆಪಾಟಲು ಮಾಡಂಗಿಲ್ಲ, ಸರಿ ಹೇಳಿದ್ರ ಪುಸ್ತಕ ಕೊಡ್ತಾರ. ಕೋಟಿ ಇಲ್ಲ, ಕಾರಿಲ್ಲ, ಪುಸ್ತಕ! ನಮ್ಮವ್ವ ನಾಲ್ಕನೇತ್ತ ಓದಿದಾಕಿ, ವಚನದ ಪ್ರಶ್ನಿ ಬಂದ್ರ ಸ್ಪರ್ಧಿಗಿಂತ ಮೊದ್ಲ ಅಕಿ ಉತ್ರ ಹೇಳ್ತಾಳ, ದಾಸರ ಪದ ಬಂದ್ರ ಮುಂದಿನ ಸಾಲೂ ಹೇಳ್ತಾಳ. ತನಗ ಇಷ್ಟೆಲ್ಲಾ ಗೊತ್ತೈತಿ ಅಂತ ಅಕಿಗೆ ತೋರಿಸಿಕೊಟ್ಟಿದ್ದು ಆ ಕಾರ್ಯಕ್ರಮ, ನಾವ್ಯಾರೂ ಅಲ್ಲ.

ಇಲ್ಲಿ ಮಾವಾರು ನಡಕ ಬಾಯಿ ಹಾಕಿದ್ರು. ಸಿಂಧನೂರ, ಗಂಗಾವತಿ ಕಡೆ ಕಾಲುವಿ ನೀರು ಬಂದ ಮ್ಯಾಲೆ ಆಂಧ್ರದಿಂದ ಬಂದು ನೆಲಿ ನಿಂತ ರೈತರ ಕ್ಯಾಂಪ್‌ಗಳು ಭಾಳ ಅದಾವು, ಮಾವಾರ ಹೊಲ ಅಂಥ ಒಂದು ಕ್ಯಾಂಪಿನ ಬಾಜೂಕ. ಅಲ್ಲಿ ತೆಲುಗು ಈಟಿವಿ ನಮ್ಮ ಚಾನಲ್‌ನಷ್ಟ ನಡೀತೈತಿ. ಅವರ ಪ್ರಕಾರ ಒಂದನೇ ನಂಬರ್ ಅನ್ನದಾತ, ಬೆಳಿಗ್ಗೆ ಬರೋ ಕೃಷಿ ಕಾರ್ಯಕ್ರಮ. "ಭತ್ತಕ್ಕ ರೋಗ ಬಿದ್ರ ನಿಮ್ಮ ಸ್ವಾಮಿ ಬಂದು ಹೇಳ್ತಾನೇನ್ರೀ?" ಅಂದ್ರು, ಮಾತು ಖರೇ ಐತಿ. ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರದ್ದೂ ಅವ್ರು ಮೊದ್ಲ ತೆಲುಗಿನ್ಯಾಗ ಪಾಡುತಾ ತೀಯಗಾ ನೋಡಿದ್ದು, ನಾವು ಕನ್ನಡದಾಗ ಎದೆ ತುಂಬಿ ಹಾಡುವೆನು ನೋಡಿದ್ದು. ಈ ಒಂದ ವಿಷಯಕ್ಕ ಇಬ್ರೂ ರಾಜಿ ಆದ್ವಿ, ನಾಲ್ಕನೇ ಜಾಗ ಅದಕ್ಕ ಕೊಟ್ವಿ. ಹುಡುಗ್ರು ಶ್ರುತಿ ತಪ್ಪಿದ್ರ ಎಸ್‌ಪಿಬಿ ತಾವ ಆ ಸಾಲು ಹಾಡಿ ತೋರಿಸಿ, ಮತ್ತ ಕೂಸಿನ ಕಡೆ ನೋಡಿ ನಗತಿದ್ದದ್ದು ಕಣ್ಣ ಮುಂದ ಐತಿ. 2020ರ ಸೆಪ್ಟೆಂಬರ್‌ನ್ಯಾಗ ಅವರು ಹೋದ ಸುದ್ದಿ ಬಂದ ದಿನ ಮಾವಾರು ನನಗ ಫೋನ್ ಮಾಡಿ ಏನೂ ಮಾತಾಡದ ಇಟ್ಟಿದ್ರು.

ಐದನೇ ಜಾಗಕ್ಕ ದೊಡ್ಡ ಗದ್ಲ. ಚಿಗವ್ವ ಸಿಲ್ಲಿ ಲಲ್ಲಿ ಅಂತಾಳ, ಅಕ್ಕ ಪಾಪ ಪಾಂಡು ಅಂತಾಳ. ತಂಗಿ ಮಗಳ ಪಟ್ಟ್ಯಾಗ ಒಂದನೇದು 2025ರ ಜನವರಿಯಾಗ ಮುಗಿದ ಬಿಗ್ ಬಾಸ್ ಸೀಸನ್, ಹನುಮಂತ ಗೆದ್ದದ್ದು. ಬಿಗ್ ಬಾಸ್ ಅಂದ್ರ ನನಗ ಅಷ್ಟಕ್ಕಷ್ಟ, ಮಂದಿನ ಕೂಡಿ ಹಾಕಿ ಜಗಳಾಡ್ಸೋದು ನನ್ನ ಅಳತಿಗೆ ಹೊಂದಂಗಿಲ್ಲ. ಆದ್ರ ಅಕಿ ಹೇಳಿದ್ದು ಕೇಳ್ರಿ: "ಮಾಮಾ, ಬೆಂಗಳೂರ ಸಾಲ್ಯಾಗ ನಾ 'ಐತಿ', 'ಹೌದಲ್ರೀ' ಅಂದ್ರ ಎಲ್ಲಾರೂ ನಗತಿದ್ರು. ಹನುಮಂತ ಟಿವ್ಯಾಗ ಹಂಗ ಮಾತಾಡಿ ಗೆದ್ದ ಮ್ಯಾಲೆ ನಂಗ ಯಾರೂ ನಗಲಿಲ್ಲ." ಹಾವೇರಿ ಜಿಲ್ಲಾದ ಕುರಿ ಕಾಯೋ ಹುಡುಗ, ಲುಂಗಿ ಉಟ್ಕೊಂಡು ಸರಿಗಮಪಕ್ಕ ಬಂದು ಹಾಡಿದಾವ. ನಮ್ಮ ಮಾತು ಟಿವ್ಯಾಗ ಕೇಳ್ತಿದ್ದದ್ದು ಕಾಮಿಡಿ ಮಾಡಾಕ, ಇಲ್ಲಾ ಮನಿ ಕೆಲಸದಾವ್ರ ಪಾತ್ರಕ್ಕ. ಮಾತಾಡೋ ರೀತಿ ಬದಲು ಮಾಡದ ಒಬ್ಬ ಹುಡುಗ ಕಡೀತನ ನಿಂತ ಅಂದ್ರ ಅದು ಸಣ್ಣ ಸಂಗತಿ ಅಲ್ಲ. ಐದನೇ ಜಾಗ ನಾ ಅಕಿಗೆ ಬಿಟ್ಟುಕೊಟ್ನಿ, ಚಿಗವ್ವ ಸಿಟ್ಟಾದ್ಲು.

ದೊಡ್ಡಪ್ಪನ ಸಾಲಿ ಟಿವಿಗೆ ನಂಬರ್ ಹಾಕಾಕ ನನಗ ಮನಸ್ಸಾಗ್ಲಿಲ್ಲ, ನಾ ಅದನ್ನ ಕಣ್ಣಿಲೆ ನೋಡಿಲ್ಲ. ಪಟ್ಟಿ ಮ್ಯಾಲೆ ಅವನ ಹೆಸರಿಲೆ ಬ್ಯಾರೆ ಬರ್ದೀನಿ.

ಮರುದಿನ ಕೊಪ್ಪಳದ ಮನ್ಯಾಗ ತಂಗಿ ಮಗಳಿಗೆ ಮಾಲ್ಗುಡಿ ಹಚ್ಚಿ ಕೊಟ್ನಿ. 2020ರ ಲಾಕ್‌ಡೌನ್ ಟೈಮ್‌ನ್ಯಾಗ ಅದು ಕನ್ನಡಕ್ಕ ಡಬ್ ಆಗಿ ಬಂದಿತ್ತು, ಆದ್ರ ನಾ ಹಿಂದೀದ ಹಚ್ಚೀನಿ, ನಾವು ನೋಡಿದಂಗ ಅಕಿನೂ ನೋಡಲಿ ಅಂತ. ಸ್ವಾಮಿ ಕಂತು ಮುಗಿಸಿ, ಇದು ಎರಡನೇ ನಂಬರ್ ಅಂದ್ಲು, ಒಂದನೇದು ಹನುಮಂತಂದ ಅಂತ. ಮುಂದಿನ ರಜಾಕ್ಕ ಬಂದಾಗ ಮುಕ್ತ ತೋರಿಸ್ತೀನಿ ಅಂದೀನಿ, ಅಲ್ಲೀತನ ಎರಡನೇ ಜಾಗದಾಗ ಮಾಲ್ಗುಡಿ ಇರ್ಲಿ.