ಎಡಗಡೆ ಸ್ಟೀರಿಂಗಿನ ಜೀಪಿಗೆ ಇಂಡಿಕೇಟರ್

ಅಪ್ಪ ಮಿಲಿಟರಿ ಹರಾಜಿನ ಮಾಲೆಂದು ತಂದ ಜೀಪು ಇವತ್ತಿಗೂ ನಮ್ಮ ಶೆಡ್ಡಿನಲ್ಲಿದೆ. 1944ರ ವಿಲ್ಲೀಸ್ ಎಂಬಿ. ಎಡಗಡೆ ಸ್ಟೀರಿಂಗ್, 6 ವೋಲ್ಟ್ ಬ್ಯಾಟರಿ. ಎಡ ಮಡ್‌ಗಾರ್ಡ್ ಮೇಲೆ ಶತ್ರುವಿಗೆ ಕಾಣದಂತೆ ಟೊಪ್ಪಿ ಹಾಕಿದ ಬ್ಲ್ಯಾಕ್‌ಔಟ್ ದೀಪ ಉಂಟು. ಇಂಡಿಕೇಟರ್ ಮಾತ್ರ ಕಂಪನಿಯಿಂದಲೇ ಬಂದಿರಲಿಲ್ಲ.

ಎಡಕ್ಕೆ ಕೂತ ಡ್ರೈವರ್ ಬಲಕ್ಕೆ ಕೈ ತೋರಿಸಿದರೆ ಯಾರಿಗೆ ಕಾಣುತ್ತೆ? ಅದಕ್ಕೇ ಹಿಂದೆ ಮುಂದೆ ದೀಪ ಕೂರಿಸಿ, ಡ್ಯಾಶ್‌ಬೋರ್ಡಿಗೆ ಒಂದು ಸಾದಾ ಸ್ವಿಚ್ ಹಾಕಿಸಿದ್ದೆ. ತಿರುಗಿದ ಮೇಲೆ ಕೈಯಿಂದಲೇ ಆಫ್ ಮಾಡಬೇಕು. ಎಂಜಿನ್ ಸದ್ದಿನಲ್ಲಿ ಫ್ಲ್ಯಾಶರಿನ ಟಿಕ್ ಟಿಕ್ ಕೇಳುವುದಿಲ್ಲ, ಬಿಸಿಲಿಗೆ ಡ್ಯಾಶ್‌ಬೋರ್ಡಿನ ಪುಟ್ಟ ದೀಪ ಕಾಣುವುದಿಲ್ಲ.

ಒಂದು ಮಧ್ಯಾಹ್ನ ಸುಂಟಿಕೊಪ್ಪ ದಾಟಿ ಮಡಿಕೇರಿ ಕಡೆ ಹತ್ತುತ್ತಿದ್ದೆ. ಎಡ ಇಂಡಿಕೇಟರ್ ಹಾಗೇ ಮಿನುಗುತ್ತಿತ್ತು. ಹಿಂದಿನ ಬೈಕಿನ ಹುಡುಗ ನಾನು ಬದಿಗೆ ಸರಿದು ದಾರಿ ಬಿಡುತ್ತಿದ್ದೇನೆ ಅಂದುಕೊಂಡು ತಿರುವಿನಲ್ಲೇ ಮುಂದೆ ಬಂದ. ಎದುರಿಗೆ ಬಸ್ಸು. ಕೂದಲೆಳೆಯಲ್ಲಿ ಉಳಿದ. ಗಾಡಿ ನಿಲ್ಲಿಸಿ, "ಅಂಕಲ್, ನೀವೇ ಸೈಡ್ ಕೊಟ್ರಲ್ಲಾ?" ಅಂದ. ಅವನ ಕೈ ನಡುಗುತ್ತಿತ್ತು. ತಪ್ಪು ನನ್ನದೇ ಎಂದು ಹೇಳಿ ಕ್ಷಮೆ ಕೇಳಿದೆ.

ಆ ವಾರವೇ ತಾನಾಗಿ ಆಫ್ ಆಗುವ ಹಳೇ ಮಾದರಿ ಸ್ವಿಚ್ ಹುಡುಕಿ ತಂದೆ. ಸ್ಟೀರಿಂಗ್ ಕಂಬಕ್ಕೆ ಕ್ಲ್ಯಾಂಪ್ ಹಾಕಿ ಬಿಗಿಯುವಂಥದ್ದು. ಎಲ್ಲೂ ತೂತು ಕೊರೆಯುವುದು ಬೇಡ, ಬೇಕಾದರೆ ಕಳಚಿ ಜೀಪನ್ನು ಮೊದಲಿನಂತೆ ಮಾಡಬಹುದು. ನನಗೆ ಅದು ಮುಖ್ಯ. ಸ್ವಿಚ್ಚಿನ ತುದಿಯಲ್ಲಿ ಬಟನ್ನಿನಷ್ಟು ಚಿಕ್ಕ ರಬ್ಬರ್ ಚಕ್ರ ಇರುತ್ತದೆ. ಲಿವರ್ ಹಾಕಿದಾಗ ಅದು ಸ್ಟೀರಿಂಗ್ ಚಕ್ರದ ನಡುವಿನ ಗುಂಬಕ್ಕೆ, ಅಂದರೆ ಹಬ್ಬಿಗೆ, ಒತ್ತಿ ನಿಲ್ಲುತ್ತದೆ. ಸ್ಟೀರಿಂಗ್ ವಾಪಸ್ ಬರುವಾಗ ರಬ್ಬರನ್ನೂ ಉಜ್ಜಿ ತಿರುಗಿಸುತ್ತದೆ, ಲಿವರ್ ನಡುವಿಗೆ ಬೀಳುತ್ತದೆ.

ಕೇಳಲು ಸುಲಭ. ನಾನೂ ನಮ್ಮ ಮೇಸ್ತ್ರಿಯೂ ಇಡೀ ದಿನ ಒದ್ದಾಡಿದೆವು. ಗುಂಬದ ಮೇಲೆ ಹಳೇ ಗ್ರೀಸು, ರಬ್ಬರ್ ಬರೀ ಜಾರುತ್ತಿತ್ತು. ಪೆಟ್ರೋಲಿನಲ್ಲಿ ಒರೆಸಿ ಎಮರಿ ಪೇಪರ್ ಹಾಕಿ ತಿಕ್ಕಿದೆವು. "ಅಣ್ಣಾ, ಸ್ವಲ್ಪ ಕೆಳಗೆ... ಆಂ, ಜಾಸ್ತಿ ಆಯ್ತು" ಎನ್ನುತ್ತಾ ಅವರು ಕ್ಲ್ಯಾಂಪನ್ನು ಕೂದಲಷ್ಟು ಕೂದಲಷ್ಟೇ ಸರಿಸಿದರು. ಲಿವರ್ ನಡುವೆ ಇದ್ದಾಗ ರಬ್ಬರ್ ತಾಗಲೇಬಾರದು, ತಾಗಿದರೆ ಸುಮ್ನೆ ಸವೆಯುತ್ತದೆ.

ವೈರನ್ನೂ ದಪ್ಪದ್ದಕ್ಕೆ ಬದಲಿಸಿದೆವು. 21 ವ್ಯಾಟಿನ ಎರಡು ಬಲ್ಬಿಗೆ 12 ವೋಲ್ಟಿನಲ್ಲಿ 3.5 ಆಂಪಿಯರ್ ಸಾಕು, 6 ವೋಲ್ಟಿನಲ್ಲಿ 7 ಬೇಕು. ಆದರೂ ಹಿಂದಿನ ಬಲ ದೀಪ ಮಂಕಾಗಿಯೇ ಇತ್ತು. ಬುಡದ ಬಣ್ಣ ಕೆರೆದು ತಗಡಿಗೆ ಅರ್ಥ್ ಕೊಟ್ಟ ಮೇಲೆ ಬೆಳಗಿತು.

ಸಂಜೆ ಓಡಿಸಿ ನೋಡಿದೆ. ಹೇರ್‌ಪಿನ್ ತಿರುವಿಗೆ ಮೊದಲೇ ಇಂಡಿಕೇಟರ್ ಹಾಕಿದರೆ, ತಿರುವು ಮುಗಿದು ಸ್ಟೀರಿಂಗ್ ನೇರವಾಗುವಾಗಲೇ ಅದು ಆಫ್ ಆಗಿಬಿಡುತ್ತದೆ. ನಮ್ಮ ತೋಟದ ಗೇಟು ಅಂಥ ಒಂದು ತಿರುವಿನ ಆಚೆಗೇ ಇದೆ. ಈಗ ತಿರುವು ದಾಟಿ ಬಲಕ್ಕೆ ಹಾಕುತ್ತೇನೆ. ಗೇಟಿನ ಒಳಗೆ ಸ್ಟೀರಿಂಗ್ ನೇರವಾಗುತ್ತಿದ್ದಂತೆ ಲಿವರ್ ಟಕ್ ಎಂದು ಬೀಳುತ್ತದೆ.