ಮಳೆಗಾಲದ ಬ್ರೂಡರ್: ಮೂರನೆಯ ವಾರಕ್ಕೆ ಬಂದ ಗಿರಿರಾಜ ಮರಿಗಳು

ಮಲೆನಾಡಿನಲ್ಲಿ ಆಷಾಢದ ಮಳೆ ಹಿಡಿದ ಮೇಲೆ ಕೋಳಿಮರಿ ತರಿಸುವವರು ಕಡಿಮೆ. ಆದರೆ ಬೇಸಿಗೆಗೆ ಮೊದಲು ಮೊಟ್ಟೆ ಸಿಗಬೇಕಾದರೆ ಮರಿಗಳು ಈಗಲೇ ಬೆಳೆಯಬೇಕು ಎಂಬ ಲೆಕ್ಕದಲ್ಲಿ ಮೂವತ್ತು ಗಿರಿರಾಜ ಮರಿಗಳನ್ನು ತರಿಸಿದ್ದೇನೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಈ ತಳಿ ಹಿತ್ತಲಿನಲ್ಲಿ ಮೇಯುವುದಕ್ಕೆ ಚೆನ್ನಾಗಿ ಒಗ್ಗುತ್ತದೆ. ಆದರೆ ಒಂದು ದಿನದ ಮರಿಗಳಾಗಿ ಬರುವುದರಿಂದ, ಹೇಂಟೆಯ ರೆಕ್ಕೆಯಡಿಯಲ್ಲಿ ಸಿಗಬೇಕಾದ ಬಿಸಿಯನ್ನು ನಾವೇ ಒದಗಿಸಬೇಕಾಗುತ್ತದೆ.

ಮರಿಗಳನ್ನು ಬೆಚ್ಚಗಿಡುವ ಗೂಡನ್ನು, ಅಂದರೆ ಬ್ರೂಡರನ್ನು, ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ, ಅಡಿಕೆ ದಬ್ಬೆಯ ಅಟ್ಟಣೆಯ ಮೇಲೆ ಮಾಡಿದ್ದೇನೆ. ಸುತ್ತಲೂ ಒಂದೂವರೆ ಅಡಿ ಎತ್ತರದ ತಗಡನ್ನು ದುಂಡಗೆ ಬಾಗಿಸಿ ನಿಲ್ಲಿಸಿದೆ. ಚೌಕದ ಪೆಟ್ಟಿಗೆಯಾದರೆ ಹೆದರಿದ ಮರಿಗಳು ಮೂಲೆಗೆ ಹೋಗಿ ಒಂದರ ಮೇಲೊಂದು ಬಿದ್ದು, ಅಡಿಯಲ್ಲಿದ್ದವು ಉಸಿರುಗಟ್ಟಿ ಸಾಯುತ್ತವೆ. ನೆಲಕ್ಕೆ ಎರಡು ಇಂಚು ಭತ್ತದ ಹೊಟ್ಟು ಹಾಸಿ, ಮೊದಲ ಕೆಲವು ದಿನ ಅದರ ಮೇಲೆ ಹಳೆಯ ಹತ್ತಿ ಪಂಚೆಯನ್ನು ಹರಡಿದ್ದೆ. ಬರಿಯ ದಿನಪತ್ರಿಕೆಯ ಮೇಲೆ ಎಳೆಯ ಕಾಲುಗಳು ಜಾರಿ ಎರಡು ಬದಿಗೆ ಹರಡಿಕೊಳ್ಳುತ್ತವೆ. ತಡವಾದರೆ ಹಾಗೆ ಹರಡಿದ ಕಾಲನ್ನು ಸರಿಪಡಿಸುವುದು ಬಹಳ ಕಷ್ಟ.

ಮರಿಯೊಂದಕ್ಕೆ ಒಂದರಿಂದ ಎರಡು ವ್ಯಾಟ್ ಎಂಬುದು ರೂಢಿಯಲ್ಲಿರುವ ಲೆಕ್ಕ. ಒಂದೇ ದೊಡ್ಡ ಬಲ್ಬಿನ ಬದಲು 40 ವ್ಯಾಟಿನ ಎರಡನ್ನು ಹಾಕಿರುವುದಕ್ಕೆ ಕಾರಣ, ನಡುರಾತ್ರಿ ಒಂದು ಸುಟ್ಟುಹೋದರೂ ಇನ್ನೊಂದು ಬೆಳಗಿನವರೆಗೆ ಕಾಯುತ್ತದೆ ಎಂಬುದು. ಇವು ತಂತಿಯ ಹಳೆಯ ಬಲ್ಬುಗಳೇ ಆಗಿರಬೇಕು, ಎಲ್‌ಇಡಿಯಿಂದ ಬೆಳಕು ಬರುತ್ತದೆಯೇ ಹೊರತು ಮರಿಗೆ ಸಾಲುವಷ್ಟು ಬಿಸಿ ಬರುವುದಿಲ್ಲ. ಬಲ್ಬುಗಳನ್ನು ವಿದ್ಯುತ್ ವೈರಿನ ಆಧಾರದಲ್ಲಿ ನೇತುಹಾಕದೆ ಕಬ್ಬಿಣದ ಸರಪಳಿಯಿಂದ ತೊಲೆಗೆ ಕಟ್ಟಿದ್ದೇನೆ. ಒಣಗಿದ ಹೊಟ್ಟಿನ ಮೇಲೆ ಬಿಸಿ ಬಲ್ಬು ಕಳಚಿ ಬಿದ್ದರೆ ಹೊತ್ತಿಕೊಳ್ಳಲು ಹೆಚ್ಚು ಸಮಯ ಬೇಡ.

ಮೊದಲ ವಾರ 35 ಡಿಗ್ರಿ, ಅಲ್ಲಿಂದ ವಾರಕ್ಕೆ ಸುಮಾರು ಮೂರು ಡಿಗ್ರಿ ಇಳಿಸುತ್ತ ಬಂದು ಈಗ 29ರ ಆಸುಪಾಸಿನಲ್ಲಿದ್ದೇವೆ. ಉಷ್ಣಮಾಪಕವನ್ನು ಮರಿಯ ಬೆನ್ನಿನ ಎತ್ತರಕ್ಕೆ ತೂಗಿಬಿಟ್ಟಿದ್ದರೂ ನಾನು ಹೆಚ್ಚು ನಂಬುವುದು ಮರಿಗಳು ಮಲಗುವ ಬಗೆಯನ್ನು. ಬಲ್ಬಿನ ಕೆಳಗೆ ಗುಂಪುಗಟ್ಟಿ ಚೀಂಗುಟ್ಟಿದರೆ ಚಳಿಯಾಗಿದೆ. ತಗಡಿನ ಅಂಚಿಗೆ ಸರಿದು ರೆಕ್ಕೆ ಇಳಿಬಿಟ್ಟು ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಬಿಸಿ ಅತಿಯಾಗಿದೆ. ಎಲ್ಲವೂ ಒಂದೇ ಪಕ್ಕಕ್ಕೆ ಒತ್ತಿಕೊಂಡಿದ್ದರೆ ಎದುರಿನಿಂದ ತಣ್ಣನೆಯ ಗಾಳಿ ನುಗ್ಗುತ್ತಿದೆ. ಹಿಟ್ಟು ಚೆಲ್ಲಿದ ಹಾಗೆ ಎಲ್ಲೆಡೆ ಹರಡಿಕೊಂಡು, ಕೆಲವು ತಿನ್ನುತ್ತ ಕೆಲವು ನಿದ್ರಿಸುತ್ತಿದ್ದರೆ ಮಾಪಕ ಏನೇ ತೋರಿಸಲಿ, ಬಿಸಿ ಸರಿಯಾಗಿದೆ.

ಈ ಮಳೆಯಲ್ಲಿ ನನಗೆ ಅತಿ ಮುಖ್ಯವಾಗಿ ಕಂಡದ್ದು ಗಾಳಿಯ ವಿಷಯ. ಹೊರಗೆ ಮಳೆ ಸುರಿಯುವಾಗ ಬ್ರೂಡರಿನ ಮೇಲೆ ಪ್ಲಾಸ್ಟಿಕ್ ತಾಡಪಾಲು ಎಳೆದು ಬಿಗಿಯಾಗಿ ಮುಚ್ಚಿಬಿಡಬೇಕೆಂದು ಯಾರಿಗಾದರೂ ಅನಿಸುತ್ತದೆ, ನಮ್ಮ ಕಡೆ ಮಾಡುವುದೂ ಹಾಗೆಯೇ. ಆದರೆ ಮರಿಗಳ ಉಸಿರಿನ ತೇವ, ಚೆಲ್ಲಿದ ನೀರು, ಹಿಕ್ಕೆಯ ಹಸಿ ಎಲ್ಲವೂ ಒಳಗೇ ಉಳಿದು ಹೊಟ್ಟು ಒದ್ದೆಯಾಗುತ್ತದೆ. ಒದ್ದೆ ಹೊಟ್ಟಿನಿಂದ ಏಳುವ ಅಮೋನಿಯ ಮರಿಯ ಕಣ್ಣು ಮತ್ತು ಶ್ವಾಸನಾಳವನ್ನು ಕೆಡಿಸುತ್ತದೆ, ಅದೇ ತೇವ ಮತ್ತು ಬಿಸಿಯಲ್ಲಿ ರಕ್ತಭೇದಿ ತರುವ ಕಾಕ್ಸಿಡಿಯಾ ಜೀವಿಗಳು ಬಲಿಯುತ್ತವೆ. ಆದ್ದರಿಂದ ಮಳೆ ಬೀಸುವ ದಿಕ್ಕಿಗೆ ಮಾತ್ರ ಗೋಣಿಚೀಲವನ್ನು ಇಳಿಬಿಟ್ಟು, ಮೇಲ್ಭಾಗವನ್ನು ಜಾಲರಿಯಷ್ಟೇ ಇರುವಂತೆ ತೆರೆದಿಟ್ಟಿದ್ದೇನೆ. ಬೆಳಿಗ್ಗೆ ಹೊರಗಿನಿಂದ ಬಂದ ಕೂಡಲೇ ಕುಕ್ಕರಗಾಲಿನಲ್ಲಿ ಕುಳಿತು, ಮರಿಗಳ ತಲೆಯ ಮಟ್ಟಕ್ಕೆ ಮುಖ ತಗ್ಗಿಸಿ ಮೂಸಿ ನೋಡುತ್ತೇನೆ. ಕೋಣೆಯೊಳಗೆ ತುಸು ಹೊತ್ತು ಇದ್ದರೆ ನಮ್ಮ ಮೂಗು ಆ ವಾಸನೆಗೆ ಹೊಂದಿಕೊಂಡುಬಿಡುತ್ತದೆ. ಕಣ್ಣು ಚುರುಗುಟ್ಟಿದರೆ ಆ ಜಾಗದ ಹೊಟ್ಟನ್ನು ತೆಗೆದು, ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿಟ್ಟ ಹೊಸ ಹೊಟ್ಟನ್ನು ತುಂಬುತ್ತೇನೆ. ನೀರಿನ ಬಟ್ಟಲನ್ನು ಹಲಗೆಯ ಮೇಲೆ ಮರಿಯ ಬೆನ್ನಿನ ಎತ್ತರಕ್ಕೆ ಏರಿಸಿದ ಮೇಲೆ ಒದ್ದೆಯಾಗುವುದು ತುಂಬ ಕಡಿಮೆಯಾಗಿದೆ. ಮೊದಲ ವಾರ ಅದೇ ಬಟ್ಟಲಿನಲ್ಲಿ ಬೆಣಚುಕಲ್ಲುಗಳನ್ನು ಹಾಕಿಟ್ಟಿದ್ದೆ. ನಿದ್ದೆಗಣ್ಣಿನ ಮರಿ ಒಂದು ಇಂಚು ನೀರಿನಲ್ಲಿಯೂ ಮುಳುಗಿ ಸಾಯಬಲ್ಲದು.

ಕರೆಂಟು ಹೋಗುವುದು ಇಲ್ಲಿ ನಿತ್ಯದ ಮಾತು. ಪಕ್ಕದ ಮನೆಯ ಅಜ್ಜಿ, “ಒಂದು ಅಗ್ಗಿಷ್ಟಿಕೆ ಕೆಂಡ ಇಟ್ಟುಬಿಡು ಮಗಾ, ಬೆಳಗಿನವರೆಗೂ ಬೆಚ್ಚಗಿರುತ್ತವೆ” ಎಂದರು. ಗಾಳಿಯಾಡುವ ಚಾವಡಿಯಲ್ಲಿ ಅದು ಸರಿಯೇ, ಆದರೆ ಬಾಗಿಲು ಹಾಕಿದ ಕೋಣೆಯಲ್ಲಿ ಇದ್ದಿಲಿನ ಕೆಂಡದಿಂದ ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಂಡು ಮರಿಗಳ ಜೊತೆಗೆ ಮನುಷ್ಯರ ಜೀವಕ್ಕೂ ಅಪಾಯವಾಗುತ್ತದೆ. ಅದರ ಬದಲು ಬಚ್ಚಲ ಹಂಡೆಯ ಬಿಸಿನೀರನ್ನು ಸ್ಟೀಲಿನ ತಂಬಿಗೆಗಳಲ್ಲಿ ತುಂಬಿ, ಬಾಯಿ ಬಿಗಿದು, ಬಟ್ಟೆ ಸುತ್ತಿ ನಡುವೆ ಇಡುತ್ತೇನೆ. ಮರಿಗಳು ತಾವಾಗಿಯೇ ಬಂದು ಅದಕ್ಕೆ ಒರಗಿಕೊಳ್ಳುತ್ತವೆ.

ಹೆಗ್ಗಣ, ಬೆಕ್ಕು, ಕೇರೆಹಾವುಗಳ ಭಯಕ್ಕೆ ಮೇಲೂ ಕೆಳಗೂ ಅರ್ಧ ಇಂಚು ಕಣ್ಣಿನ ಬೆಸುಗೆ ಜಾಲರಿ ಹಾಕಿದ್ದೇನೆ. ಅಂಗಡಿಗಳಲ್ಲಿ ಕೋಳಿಜಾಲರಿ ಎಂದು ಕೊಡುವ ತೆಳುತಂತಿಯದು ಮರಿಯನ್ನು ಒಳಗಿಡುತ್ತದೆ, ಇಲಿಯನ್ನು ಹೊರಗಿಡುವುದಿಲ್ಲ. ಅಟ್ಟಣೆಯ ಕಾಲುಗಳನ್ನು ನೀರು ತುಂಬಿದ ತೆಂಗಿನ ಗರಟೆಗಳಲ್ಲಿ ನಿಲ್ಲಿಸಿರುವುದು ಕೆಂಪಿರುವೆಗಾಗಿ.

ಒಂದು ಮರಿ ಎರಡನೆಯ ವಾರದಲ್ಲಿ ಮಂಕಾಗಿತ್ತು. ಅಂಗೈಯಲ್ಲಿ ತಿರುಗಿಸಿ ನೋಡಿದಾಗ ಹಿಕ್ಕೆ ಒಣಗಿ ಹಿಂಬದಿ ಪೂರ್ತಿ ಮುಚ್ಚಿಕೊಂಡಿತ್ತು. ಒಣಗಿದ್ದನ್ನು ಕಿತ್ತರೆ ಎಳೆಯ ಚರ್ಮ ಹರಿಯುತ್ತದೆ. ಉಗುರುಬೆಚ್ಚನೆಯ ನೀರಿನಲ್ಲಿ ನೆನೆಸಿದ ಹತ್ತಿಯನ್ನು ಒತ್ತಿಹಿಡಿದು, ಮೆತ್ತಗಾದ ಮೇಲೆ ಒರೆಸಿ, ಪೂರ್ತಿ ಒಣಗಿದ ಬಳಿಕ ಗುಂಪಿಗೆ ಬಿಟ್ಟೆ. ಅದೀಗ ಉಳಿದವುಗಳ ಸಮಕ್ಕೆ ತಿನ್ನುತ್ತಿದೆ.

ಕೋಳಿಗಳ ಸಾಂಕ್ರಾಮಿಕ ರೋಗವಾದ ರಾಣಿಖೇತ್‌ಗೆ ಲಸಿಕೆಯ ಹನಿ ಮೊದಲ ವಾರದಲ್ಲಿ, ಅಂಥದೇ ಇನ್ನೊಂದು ರೋಗವಾದ ಗುಂಬೋರೋದ್ದು ಎರಡನೆಯ ವಾರದ ಕೊನೆಯಲ್ಲಿ ಮುಗಿದಿವೆ. ಲಸಿಕೆಯ ಸೀಸೆಯಲ್ಲಿ ನೂರಾರು ಮರಿಗಳಿಗೆ ಆಗುವಷ್ಟು ಇರುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಹಾಕಿಬಿಡಬೇಕು. ಹಾಗಾಗಿ ಕೇರಿಯ ನಾಲ್ಕು ಮನೆಯವರು ಒಂದೇ ದಿನ ಹಾಕಿಸಿಕೊಂಡೆವು. ರೆಕ್ಕೆಯ ಗರಿಗಳು ಚೆನ್ನಾಗಿ ಬಂದಿವೆ, ತಗಡಿನ ವೃತ್ತವನ್ನು ಹಿಗ್ಗಿಸಿ ಮರಿಗೆ ತಲಾ ಅರ್ಧ ಚದರ ಅಡಿ ಜಾಗ ಮಾಡಿದ್ದೇನೆ. ಮುಂದಿನ ವಾರ ಹಗಲು ಒಂದು ಬಲ್ಬನ್ನು ಆರಿಸಿ ನೋಡುವುದು, ಆಮೇಲೆ ರಾಣಿಖೇತ್‌ಗೇ ಕೊಡುವ ಲಸೋಟಾ ಎಂಬ ಲಸಿಕೆಯ ಎರಡನೆಯ ಸುತ್ತಿಗೆ ಪಶು ಆಸ್ಪತ್ರೆಯಲ್ಲಿ ದಿನ ಕೇಳಿಕೊಂಡು ಬರುವುದು ಇದೆ.