ತಳದ ಹೆಸರು ಓದಿ ಕಾಲ ಬರೆಯಬೇಡಿ

ವಸ್ತುಸಂಗ್ರಹಾಲಯದ ದಾಖಲಾತಿ ವಿಭಾಗದಲ್ಲಿ ಈಜಿಪ್ಟಿನ ಸ್ಕ್ಯಾರಬ್ ತಾಯಿತಗಳ ವಿವರ ಬರೆಯುವುದು ನನ್ನ ಕೆಲಸ. ಸಗಣಿ ಹುಳುವಿನ ಆಕಾರದ ಈ ತಾಯಿತಗಳಲ್ಲಿ ಹೆಚ್ಚಿನವು ಹೆಬ್ಬೆರಳಿನ ಉಗುರಿನಷ್ಟೇ ಇರುತ್ತವೆ. ಉಂಡೆ ಉರುಳಿಸಿಕೊಂಡು ಹೋಗುವ ಆ ಹುಳುವಿನಲ್ಲಿ ಈಜಿಪ್ಟಿನವರು ಉದಯಸೂರ್ಯನಾದ ಖೆಪ್ರಿ ದೇವರನ್ನು ಕಂಡಿದ್ದರು.

ಹೊಸದಾಗಿ ಸೇರಿದವರು ಮೊದಲು ತಿರುಗಿಸಿ ನೋಡುವುದು ಚಪ್ಪಟೆ ತಳವನ್ನು. ಸೂರ್ಯಬಿಂಬ, ಕಾಯಿಗಳಿಟ್ಟ ಆಟದ ಮಣೆ, ಹುಳು ಈ ಮೂರೂ ಚಿತ್ರಾಕ್ಷರಗಳು ಕಂಡರೆ ಅದು ಮೆನ್‌ಖೆಪೆರ್‌ರೆ, ಮೂರನೆಯ ಥುಟ್ಮೋಸನ ಪಟ್ಟದ ಹೆಸರು. ಒಡನೆಯೇ ‘ಕ್ರಿ.ಪೂ. 15ನೆಯ ಶತಮಾನ’ ಎಂದು ಬರೆಯಲು ಮನಸ್ಸಾಗುತ್ತದೆ. ತಡೆಯಿರಿ. ಆ ರಾಜ ಸತ್ತು ಶತಮಾನಗಳು ಕಳೆದ ಮೇಲೂ ಅವನ ಹೆಸರಿನ ಸ್ಕ್ಯಾರಬ್‌ಗಳನ್ನು ಕೆತ್ತುತ್ತಲೇ ಇದ್ದರು. ಜನರಿಗೆ ಆ ಹೆಸರೇ ರಕ್ಷೆಯಾಗಿತ್ತು.

ಆದ್ದರಿಂದ ತಲೆ, ಬೆನ್ನು, ಪಕ್ಕದ ಕಾಲುಗಳನ್ನು ಮೊದಲು ನೋಡಿ. ರೆಕ್ಕೆಯನ್ನು ಗೆರೆ ಎಳೆದು ಬೇರ್ಪಡಿಸಿದ್ದಾರೆಯೇ, ಕಾಲುಗಳನ್ನು ಬಿಡಿಸಿ ಕೆತ್ತಿದ್ದಾರೆಯೇ ಎಂಬುದು ಕಾಲದಿಂದ ಕಾಲಕ್ಕೆ ಬದಲಾಗಿದೆ. ದೀಪವನ್ನು ಓರೆಯಾಗಿ ಹಿಡಿದರೆ ಗೆರೆಗಳ ಆಳದಲ್ಲಿ ಉಳಿದ ಹಸಿರು ಮೆರುಗು ಕಾಣುತ್ತದೆ. ಮೆತ್ತನೆಯ ಬಳಪದ ಕಲ್ಲನ್ನು ಕೆತ್ತಿ, ಮೆರುಗು ಕೊಟ್ಟು ಸುಟ್ಟಾಗ ಅದು ಗಟ್ಟಿಯಾಗುತ್ತಿತ್ತು. ಉದ್ದಕ್ಕೆ ಕೊರೆದ ತೂತಿನ ಬಾಯಿಯನ್ನೂ ಬಿಡಬೇಡಿ. ಅಂಚು ನುಣುಪಾಗಿ ಸವೆದಿದ್ದರೆ ದಾರಕ್ಕೋ ತಂತಿಗೋ ಪೋಣಿಸಿ ಯಾರೋ ಧರಿಸಿದ್ದಿರಬಹುದು. ನನಗೆ ತುಂಬ ಪ್ರಿಯವಾದ ಭಾಗ ಇದೇ.

ಬರಹವೇ ಕಾಲ ಹೇಳುವ ಸ್ಕ್ಯಾರಬ್‌ಗಳೂ ಇವೆ. ಮೂರನೆಯ ಅಮೆನ್‌ಹೊಟೆಪ್ ತನ್ನ ಆಳ್ವಿಕೆಯ ಮೊದಲ 10 ವರ್ಷಗಳಲ್ಲಿ 102 ಸಿಂಹಗಳನ್ನು ಬೇಟೆಯಾಡಿದ್ದನ್ನು ದೊಡ್ಡ ಸ್ಕ್ಯಾರಬ್‌ಗಳ ಮೇಲೆ ಬರೆಸಿ ಹಂಚಿದ. ಅದರ ನೂರಕ್ಕೂ ಹೆಚ್ಚು ಪ್ರತಿಗಳು ಸಿಕ್ಕಿವೆ. ಆದರೆ ಇಂಥವು ಅಪರೂಪ. ಮೇಲಾಗಿ 19ನೆಯ ಶತಮಾನದಲ್ಲೇ ಲಕ್ಸರ್ ಸುತ್ತಮುತ್ತ ಪ್ರವಾಸಿಗರಿಗೆ ಮಾರಲು ನಕಲಿ ಸ್ಕ್ಯಾರಬ್‌ಗಳು ತಯಾರಾಗುತ್ತಿದ್ದವು. ಹಳೆಯ ಖಾಸಗಿ ಸಂಗ್ರಹದಿಂದ ಬಂದದ್ದು ಎಂದ ಮಾತ್ರಕ್ಕೆ ಅಸಲಿ ಎನ್ನುವಂತಿಲ್ಲ.

ಹಾಗಾಗಿ ಉತ್ಖನನದಲ್ಲಿ ದೊರೆತ, ಯಾವ ಸಮಾಧಿಯದು ಎಂದು ಗುರುತು ಹಾಕಿದ ಮುರುಕು ಸ್ಕ್ಯಾರಬ್ ಒಂದು, ಅಂಗಡಿಯಲ್ಲಿ ಕೊಂಡ ಹತ್ತು ಅಂದದ ಸ್ಕ್ಯಾರಬ್‌ಗಳಿಗಿಂತ ನನಗೆ ಹೆಚ್ಚು. ಜೊತೆಗೆ ಸಿಕ್ಕ ಮಡಕೆಗಳೇ ಅದರ ಕಾಲಕ್ಕೆ ಆಧಾರ ಕೊಡುತ್ತವೆ. ಪೆಟ್ಟಿಗೆ ಬದಲಿಸುವಾಗ ಮಾಸಿದ ಹಳೆಯ ಚೀಟಿಯನ್ನು ಎಸೆಯಬೇಡಿ; ಅದಕ್ಕೂ ಸಂಖ್ಯೆ ಕೊಟ್ಟು ವಸ್ತುವಿನ ಜೊತೆಗೇ ಇಡಿ. ದಾಖಲೆಯಲ್ಲಿ ‘ಬರೆದಿರುವ ಹೆಸರು’ ಮತ್ತು ‘ತಯಾರಾದ ಕಾಲ’ ಎರಡನ್ನೂ ಬೇರೆ ಬೇರೆ ಅಂಕಣಗಳಲ್ಲಿ ತುಂಬಿ. ಎರಡನೆಯದಕ್ಕೆ ಆಧಾರ ಸಿಗುವವರೆಗೆ ಅದು ಖಾಲಿ ಇರಲಿ.